ಸಾವಿರದ ಮುನ್ನೂರ ಮೂವತ್ತೊಂದು ಕಾಲು

ಹಗಲೆಲ್ಲ ನಾನು ಲಾರಿ ತೂಗುತ್ತೇನೆ
ಗಂಗಾವತಿಯ ರೈಸ್ ಮಿಲ್ಲಿನ ಗೇಟಿನ ಪಕ್ಕ, ಕಾಟಾದ ಕಿಟಕಿಯಲ್ಲಿ.
ತುಂಬಿದ್ದು, ಖಾಲಿ. ತುಂಬಿದ್ದು, ಖಾಲಿ.
ಸೋನಾ ಮಸೂರಿಯ ಹೊಟ್ಟು ಹಾರಿ ಬಂದು
ಚೀಟಿ ಉಗುಳುವ ಮಷೀನಿನ ಬಾಯಲ್ಲೂ ಕೂತಿರುತ್ತದೆ.

ರಾತ್ರಿ ಮನೆಗೆ ಬಂದು ನಾನೇ ಲಾರಿ ಹತ್ತುತ್ತೇನೆ.
ಹದಿನೆಂಟು ಗಾಲಿ, ಎಡಗಡೆ ಸ್ಟೇರಿಂಗು, ಗಾಜಿನಾಚೆ ಹಿಮ,
ಎಂದೂ ಕಾಣದ ಊರಿಗೆ ಎಂದೂ ತೂಗದ ಮಾಲು.
ಲೈಸೆನ್ಸ್ ಇಲ್ಲ ನನಗೆ. ಓಡಿಸುವ ಸ್ಕೂಟಿಯೂ ಅಣ್ಣನದು.

ಹೆದ್ದಾರಿಯಲ್ಲಿ ಎಣ್ಣೆ ಸುರಿದಂತೆ ಸಾಗುವ ಗಾಡಿ
ಪಟ್ಟಣ ಹೊಕ್ಕೊಡನೆ ಮುಗ್ಗರಿಸುತ್ತದೆ.
ಸಿಗ್ನಲ್ಲು, ಬಸ್ಸು, ಕೊಡೆ ಹಿಡಿದ ಮಂದಿ,
ಚಿತ್ರ ನಿಂತು, ಬಿಕ್ಕಿ, ಮತ್ತೆ ನಡೆಯುತ್ತದೆ.
ಹೋದ ದೀಪಾವಳಿಗಷ್ಟೇ ಗ್ರಾಫಿಕ್ಸ್ ಕಾರ್ಡು ಹಾಕಿಸಿದ್ದೆ.
"ಕಾರ್ಡು ಖಾಲಿ ಕುಂತೈತಿ," ಅಂದ ಮಹಬೂಬ
ಅರ್ಧ ಇಳಿಸಿದ ಶಟರಿನ ಕೆಳಗೆ, ಗೆರೆಗಳನ್ನು ತೋರಿಸುತ್ತ,
"ಅದಕ್ಕ ಕೆಲಸ ಹಚ್ಚೋ ಪ್ರೊಸೆಸರೇ ಸಾಲವಲ್ದು."

ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಸುಗ್ಗಿಯಲ್ಲಿ ಐವತ್ತು ಲಾರಿ, ಹಮಾಲರ ಮೂರು ಗ್ಯಾಂಗು,
ಮಿಲ್ಲು ‘ಆ’ ಎಂದು ಬಾಯಿ ತೆರೆದಿದ್ದರೂ
ಎಲ್ಲರೂ ಕಾಯುವುದು ಒಂದೇ ಕಾಟಾಕ್ಕೆ.
ಬೈಸಿಕೊಳ್ಳುವವಳು ನಾನು.
ಅದಕ್ಕೇ ಏನೋ, ಆ ಪುಟ್ಟ ಚೌಕದ ಮೇಲೆ
ನನಗೆ ಸಿಟ್ಟೇ ಬರಲಿಲ್ಲ.

ಬೋರ್ಡು, ರ್‍ಯಾಮು ಸಹಿತ ಹೊಸದಾದರೆ ನಲವತ್ತೆರಡು ಸಾವಿರ.
ಆ ಮಾತು ಅಲ್ಲಿಗೇ ಮುಗಿಯಿತು.
ಹಳೇ ಬೋರ್ಡಿಗೆ ಕೂಡುವಂಥವು ಎರಡಿದ್ದವು,
ಹದಿನಾರು ಕೋರಿನದು, ಎಂಟು ಕೋರಿನದು,
ಎಂಟರದಕ್ಕೇ ರೇಟು ಜಾಸ್ತಿ.
"ಇದ್ಯಾವ ನ್ಯಾಯ?"
"ಇದಕ್ಕ ಅಟ್ಟ ಐತಿ ಅಕ್ಕಾ.
ಬೇಕಾದ್ದು ತಲಿ ಮ್ಯಾಲೇ ಇರ್ತೈತಿ, ಕೈ ಚಾಚಿದ್ರ ಸಾಕು.
ಅವು ಹದಿನಾರು ಮಂದಿ, ಖರೆ. ಸಣ್ಣದಕ್ಕೂ ಗೋದಾಮಿಗೆ ಓಡತಾವ."

ಹದಿನಾರು ಅನ್ನುವುದು ಬಾಯಿಗೆ ರುಚಿ.
ಮೂರು ದಿನ ಅದನ್ನೇ ಚಪ್ಪರಿಸಿದೆ,
ಹಳೇ ಕಾಟಾ ಚೀಟಿಗಳ ಬೆನ್ನಿಗೆ ಕೂಡಿ ಕಳೆದೆ,
ಕೊನೆಗೆ ದ್ಯಾಮಕ್ಕನ ಚೀಟಿ ಎತ್ತಿ, ನಾನೂರು ಬಿಟ್ಟುಕೊಟ್ಟು,
ಅಟ್ಟಕ್ಕೆ ಹ್ಞೂಂ ಅಂದೆ.

ಸೆಕೆಂಡ್ ಹ್ಯಾಂಡು. ಹೊಸಪೇಟೆಯಿಂದ ಕಂಡಕ್ಟರನ ಕೈಯಲ್ಲಿ ಬಂತು,
ಬಿಸ್ಕತ್ತಿನ ಡಬ್ಬಿಯಲ್ಲಿ, ಹತ್ತಿ ಹಾಸಿಗೆಯ ಮೇಲೆ.
ಮೂರು ಕಾಲು ಸೊಟ್ಟಗಿದ್ದವು.
"ರೋಜಾ ಇದ್ದೀನಿ ಅಕ್ಕಾ, ಕೈ ನಡುಗತಾವ.
ಮುರಿದ್ರ ನನ್ನ ತಲಿ ಮ್ಯಾಲ. ಪತ್ತಾರ ಓಣಿಗೆ ಒಯ್ಯಿ."

ಮೌನೇಶಪ್ಪ ಕಣ್ಣಿಗೆ ಗಾಜು ಏರಿಸಿದ.
"ಏನವ್ವಾ ಹುಲಿಗೆವ್ವಾ, ಇಷ್ಟು ಕಾಲಿನ ಹುಳ!"
"ಸಾವಿರದ ಮುನ್ನೂರ ಮೂವತ್ತೊಂದು."
"ಬಂಗಾರದ ನೀರು ಕುಡದೈತಿ ನೋಡು, ಒಂದೊಂದೂ."
ಮೂಗುತಿಯ ತಿರುಪು ಹಿಡಿಯುವ ಚಿಮಟಿಯಲ್ಲಿ
ಮಲಗಿದ ಮಗುವನ್ನು ಎಬ್ಬಿಸಿದಂತೆ ಎಬ್ಬಿಸಿದ.
ಎರಡು ನೆಟ್ಟಗೆ ನಿಂತವು. ಮೂರನೆಯದು ತುಸು ವಾಲಿಯೇ ಇತ್ತು.
"ಇದನ್ನ ಇನ್ನ ಮುಟ್ಟಂಗಿಲ್ಲ, ಮುರೀತೈತಿ.
ನೆಟ್ಟಗಿರೋರು ಅಷ್ಟು ಮಂದಿ ಅದಾರಲ್ಲ,
ಅವರ ಜೋಡಿ ಒಳಗ ಹೊಕ್ಕೈತಿ, ಬಿಡು."
ಆಮೇಲೆ ಸುಮ್ಮನೆ, ಹುಡುಗಾಟಕ್ಕೆ, ಅದನ್ನು ತಕ್ಕಡಿಯ ಮೇಲಿಟ್ಟ.
ಟನ್ನುಗಳಲ್ಲಿ ಬದುಕುವವಳು ನಾನು,
ನಲವತ್ತು ಚಿಲ್ಲರೆ ಗ್ರಾಂ ಎಂದು ಓದುವಾಗ
ಗಂಟಲು ಯಾಕೋ ಒಣಗಿತು.

ಹನ್ನೊಂದೂವರೆಗೆ ಕರೆಂಟು ಬಂತು.
ಪೇಸ್ಟು ಬಟಾಣಿಯಷ್ಟು, ಸಣ್ಣ ಹಿಡಿಕೆ ಕೆಳಗೆ,
ಫ್ಯಾನಿನ ಮೊದಲ ಉಸಿರು.
ಹಿಮ ದಾಟಿ, ಸೇತುವೆ ದಾಟಿ ಪಟ್ಟಣ ಹೊಕ್ಕೆ.
ಕೊಡೆಗಳು ಬಿಕ್ಕದೆ ರಸ್ತೆ ದಾಟಿದವು.

ಊರಾಚೆ ಒಂದು ಕಾಟಾ. ಈ ದಾರಿಯಲ್ಲಿ ಎಷ್ಟು ಸಲ ಬಂದಿದ್ದೆ,
ಮುಗ್ಗರಿಸುವ ಗಾಬರಿಯಲ್ಲಿ ನೋಡಿರಲೇ ಇಲ್ಲ.
ಲಾರಿ ಏರಿಸಿ ನಿಲ್ಲಿಸಿದೆ. ತೂಕ ತಾನೇ ಮೂಡಿತು.
ಕಿಟಕಿಯಲ್ಲಿ ದೀಪವಿತ್ತು, ಕುರ್ಚಿ ಇತ್ತು,
ಯಾರೂ ಇರಲಿಲ್ಲ.
ನನಗೆ ಎಲ್ಲರೂ ಹೊಡೆಯುವ ಹಾಗೆ
ಉದ್ದಕ್ಕೆ ಒಂದು ಹಾರ್ನು ಹೊಡೆದೆ.