ಅರಳಿದ ಕಾಳು

ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿ ದಾಟಿ ಬಂದು
ಆರನೇ ಕಂಪ್ಯೂಟರಿನ ಕೀಲಿಗಳ ಮೇಲೆ ಕೂರುತ್ತದೆ.
ದಿನಾ ಒರೆಸುತ್ತೇನೆ. ದಿನಾ ಬಟ್ಟೆ ಕರಿ.
ದಾವಣಗೆರೆಯ ಈ ಓಣಿಯಲ್ಲಿ
ಕಲಿಯುವವರಿಗಿಂತ ಮೊದಲು ಮಸಿ ಹಾಜರು.

ಇವತ್ತಿನ ಪಾಠ: ಪಟ್ಟಿಯೊಳಗಿಂದ ಇನ್ನೊಂದು ಪಟ್ಟಿ.
ಚೌಕ ಕಂಸ ತೆರೆ, ಬೇಕಾದ್ದರ ಹೆಸರು ಬರೆ,
ಆಮೇಲೆ ಫಾರ್, ಆಮೇಲೆ ಇನ್, ಕಟ್ಟಕಡೆಗೆ ಇಫ್.
‘ಮೇಡಂ, ಇದು ತಲೆಕೆಳಗ ಐತ್ರೀ’ ಅಂದಳು ಖೈರುನ್.
‘ಷರತ್ತು ಹೇಳೋಕ್ಕಿಂತ ಮೊದ್ಲೇ ಕಾಳು ಕೈಗೆ ಬಂತಲ್ರೀ.’
ಸೀಮೆಸುಣ್ಣ ಬೆರಳಲ್ಲಿ ತಿರುವುತ್ತಾ ನಿಂತೆ.

ಅವಳ ಅಮ್ಮಿ ಮನೆಯಲ್ಲಿ ಆಡುವ ಮಾತು ಬೇರೆ.
ಭಟ್ಟಿಯಲ್ಲಿ, ಕಾದ ಮರಳಿನಿಂದ ಜರಡಿ ಎತ್ತಿದಾಗ ಮಾತ್ರ ಕನ್ನಡ:
‘ಅರಳಿದ್ದು ಈ ಕಡೆ.’
ಮೊದಲು ಮರಳು ಇಳಿಯುತ್ತದೆ,
ಇನ್ನೊಂದು ಜರಡಿಗೆ ಅರಳದ ಕಾಳು.
‘ಅರಳಿದ ಕಾಳು ಅಂದ್ರ ಮುಗೀತಲ್ರೀ ಮೇಡಂ,
ಫಾರೂ ಅದ್ರಾಗ ಐತಿ, ಇಫ್ಫೂ ಅದ್ರಾಗ ಐತಿ.’

ನಲವತ್ತೊಂದು ವರ್ಷ ಈ ಭಾಷೆ ಆಡಿದ್ದೇನೆ.
ಬಂದ ಬಸ್ಸು, ಹರಿದ ಚೀಲ, ಓದದ ಚೀಟಿ:
ಇಷ್ಟು ಸಣ್ಣ ‘ದ’ದೊಳಗೆ ಒಂದು ಜರಡಿ ಇದೆಯೆಂದು
ಯಾರೂ ಹೇಳಿರಲಿಲ್ಲ.

ಸರಿ, ಹಾಜರಿ ಪಟ್ಟಿ ಸೋಸಿ ಅಂದೆ,
ಎಪ್ಪತ್ತೈದಕ್ಕಿಂತ ಹೆಚ್ಚಿದ್ದವರು ಪರೀಕ್ಷೆಗೆ.
ಗುಂಡಿ ಒತ್ತಿದಳು. ಇಪ್ಪತ್ತಾರು ಹೆಸರು ಬಿದ್ದವು.
ಬೆರಳಿಟ್ಟು ಮೇಲಿಂದ ಕೆಳಗೆ ಎಣಿಸಿದಳು,
ಕೆಳಗಿಂದ ಮೇಲೆ ಇನ್ನೊಮ್ಮೆ.
‘ನಾನೇ ಇಲ್ರೀ.’

ಅಕ್ಕಿ ಲಾರಿ ಬಂದ ಬೆಳಗುಗಳನ್ನೆಲ್ಲ ಕಳೆದು
ಅವಳ ಹಾಜರಿ ಸರಿಯಾಗಿ ಎಪ್ಪತ್ತೈದು.
ನಿಯಮದಲ್ಲಿ ಇದ್ದದ್ದು ‘ಎಪ್ಪತ್ತೈದಾದರೂ’ ಎಂದು.
‘ಹೆಚ್ಚಿದ್ದವರು’ ಅಂದದ್ದು ನನ್ನ ನಾಲಿಗೆ.
ಯಂತ್ರ ನಾಲಿಗೆಯನ್ನೇ ನಂಬಿತು, ಅವಳೂ ನಂಬಿದಳು.
ತನ್ನ ಕೈಯಾರೆ ತನ್ನನ್ನು ಸೋಸಿ ಚೆಲ್ಲಿದ್ದಳು.

ನಾನು ತಪ್ಪಾಯಿತು ಅನ್ನುವಷ್ಟರಲ್ಲಿ
ಮೊದಲ ಪಟ್ಟಿಯನ್ನು ಮತ್ತೆ ತೆರೆಸಿದ್ದಳು.
ಮೂವತ್ತೊಂದು. ಹದಿನೆಂಟನೆಯದು ಖೈರುನ್ನಿಸಾ.
‘ಹಳೇ ಪಟ್ಟಿ ಹಂಗೇ ಐತ್ರೀ, ಯಾರೂ ಎಲ್ಲಿಗೂ ಹೋಗಿಲ್ಲ’
ಎಂದು ನನಗೇ ಸಮಾಧಾನ ಹೇಳಿ
ಆ ಕೊಕ್ಕಿನ ಪಕ್ಕ ಎರಡು ಅಡ್ಡಗೆರೆ ಒತ್ತಿದಳು.
ಇಪ್ಪತ್ತೇಳು.

ಸಂಜೆ ಪಿ.ಬಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಾ
ಐದು ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಪೊಟ್ಟಣವನ್ನೇ ಕಟ್ಟಿಸಿದೆ.
ತಳದಲ್ಲಿ ಗಟ್ಟಿ ಕಾಳೊಂದು ಹಲ್ಲಿಗೆ ಸಿಕ್ಕಿತು,
ಎರಡು ಜರಡಿ ತಪ್ಪಿಸಿಕೊಂಡು ಬಂದದ್ದು.
ಉಗುಳಲಿಲ್ಲ.
ಬಸ್ಸು ಬರುವವರೆಗೂ ಕಡಿಯುತ್ತಾ ನಿಂತೆ.