ಮಿಕ್ಕ ಮೂರು ಪೈಪು

ನನ್ನದು ಹೊಗೆ ನೋಡುವ ಕೆಲಸ.
ಹಾಸನ, ತಣ್ಣೀರುಹಳ್ಳ, ಆಲೂಗಡ್ಡೆ ಗೋಡೌನಿನ
ಕಾಂಪೌಂಡಿಗೆ ಆತುಕೊಂಡ ಹಳದಿ ತಗಡಿನ ಶೆಡ್ಡು,
ಒಂದು ಕಂಪ್ಯೂಟರು, ನಂಬರ್ ಪ್ಲೇಟಿಗೊಂದು ಕ್ಯಾಮೆರಾ,
ಸೈಲೆನ್ಸರಿಗೆ ತೂರಿಸಲು ಒಂದು ಸಲಾಕೆ.
ಪಕ್ಕದ್ದು ಬಾಬಾಜಾನರ ಗ್ಯಾರೇಜು.
ಅವರು ಬಿಚ್ಚುತ್ತಾರೆ, ನಾನು ಅಳೆಯುತ್ತೇನೆ.
ನಡುವೆ ಗೋಡೆಯಿಲ್ಲ, ಗೋಣಿತಾಟಿನ ಪರದೆ.

ದುದ್ದದ ಧರ್ಮೇಶನಿಗೆ ತನ್ನ ಗಾಡಿ
ಉಸಿರು ಕಟ್ಟಿ ಓಡುತ್ತಿದೆ ಅನ್ನಿಸಿತಂತೆ.
ಸೀಟಿನಡಿಯ ಕರೀ ಡಬ್ಬ ಕಿತ್ತು
ಬತ್ತಲೆ ಬಾಯಿಗೆ ಕೆಂಪು ಫಿಲ್ಟರು ಸಿಕ್ಕಿಸಿದ,
ಮನೆಯಂಗಳದಲ್ಲೇ, ತಾನೇ, ಒಂದು ಭಾನುವಾರ.
ಮುಗಿಸಿ ನೋಡಿದರೆ ಮೂರು ಪೈಪು ಮಿಕ್ಕಿವೆ.
ಕರುಳಿನ ಹಾಗೆ ಜೋತಾಡುತ್ತಿವೆ,
ಯಾವುದು ಎಲ್ಲಿಂದ ಬಂತು, ಯಾರನ್ನು ಕೇಳುವುದು?
ನೋಡಲು ನೀಟಾಗಿರಲಿ ಎಂದು
ಮೂರರ ಬಾಯಿಗೂ ಬೋಲ್ಟು ತುರುಕಿ, ಕ್ಲಿಪ್ಪು ಬಿಗಿದು
ಹೊರಟೇಬಿಟ್ಟ.

ಶಾಂತಿಗ್ರಾಮ ಮುಟ್ಟುವ ಹೊತ್ತಿಗೆ ಗಾಡಿ ಕೆಮ್ಮಿ ನಿಂತಿತು.
ಮುಚ್ಚಳ ತೆಗೆದರೆ ಉಸ್ಸೆಂದು
ಗಾಳಿ ಎಳೆದುಕೊಂಡಿತು ಟ್ಯಾಂಕು,
ಕೆರೆಯಿಂದ ತಲೆಯೆತ್ತಿದವನ ಹಾಗೆ.
ಮತ್ತೆ ಹೊಡೆದ, ಮತ್ತೆ ನಿಂತಿತು.
ಆಮೇಲೆ ನೋಡಿದರೆ ಎಡಗಾಲಿನ ಷೂ ತುಂಬಾ ಆಯಿಲ್ಲು.

ಬಾಬಾಜಾನರು ಬೈಯಲಿಲ್ಲ. ಟೀ ಲೋಟ ಕೆಳಗಿಟ್ಟರು.
"ಮೂರಕ್ಕೂ ಒಂದೇ ಬೆಣೆ ಹೊಡ್ದಿದೀಯಲ್ಲಪ್ಪ,
ಮೂರೂ ಒಂದೇ ಮಾತಾಡ್ತವಾ?
ಇದು ಇಂಜಿನ್ನಿನ ಹೊಟ್ಟೆಯುಸಿರು. ಕಟ್ಟಿದ್ರೆ
ಸೀಲು ಒಡ್ಕೊಂಡು ಬತ್ತದೆ, ಬಂದೈತೆ ನೋಡು.
ಇದು ಟ್ಯಾಂಕಿಂದು. ಪೆಟ್ರೋಲು ಇಳಿದಷ್ಟೂ ಗಾಳಿ ಬೇಡ್ತದೆ.
ಮುಚ್ಚೋದಾದ್ರೆ ಇದೊಂದು,
ಸೈಲೆನ್ಸರಿನ ಕಡೆಗೆ ಹೊಸಗಾಳಿ ಕಳಿಸ್ತಾ ಇದ್ದಿದ್ದು.
ಅದಕ್ಕೂ ಬೋಲ್ಟಲ್ಲ, ತಗಡು ಬೇಕು, ಗ್ಯಾಸ್ಕೆಟ್ ಬೇಕು."

ಪರದೆಯಾಚೆ ಕೂತು ಕೇಳಿಸಿಕೊಂಡೆ.
ತನ್ನ ನಿಟ್ಟುಸಿರು ತಾನೇ ನುಂಗಲಿ ಎಂದು
ಕಂಪನಿಯವರು ಮಾಡಿಟ್ಟ ಏರ್ಪಾಟು ಅದು.
ನುಂಗುವ ಡಬ್ಬವೇ ಹೋದ ಮೇಲೆ
ಪೈಪನ್ನು ಚೌಕಟ್ಟಿನ ಮರೆಯಲ್ಲಿ ಇಳಿಬಿಟ್ಟು
ತುದಿಗೆ ಹೆಬ್ಬೆರಳಷ್ಟು ಫಿಲ್ಟರು ತೊಡಿಸಿದರು.

"ಅಕ್ಕಾ, ಒಂದು ಸ್ಲಿಪ್ಪು."
ಸಲಾಕೆ ತೂರಿಸಿದೆ. ಅಂಕಿಗಳು ಕುಣಿದು ನಿಂತವು. ಪಾಸು.
ಮೆಷಿನ್ನಿಗೆ ಮೂಗು ಒಂದೇ ಕಡೆ.
ನನಗೆ ವಾಸನೆ ಬರುತ್ತಿದ್ದದ್ದು ಈಚೆ ಕಡೆಯಿಂದ.
ಹೇಳಲಿಲ್ಲ. ಸ್ಲಿಪ್ಪಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಅವನು ಹೋದ ಮೇಲೆ ಸಿಮೆಂಟಿನ ಮೇಲೊಂದು ಹನಿ,
ಡಿಕಾಕ್ಷನ್ನಿನ ಬಣ್ಣ.
ಮರಳು ಎರಚಿ ಗುಡಿಸಿದೆ. ಕಲೆ ಅಲ್ಲೇ ಇದೆ.

ಬಾಬಾಜಾನರು ಏನನ್ನೂ ಎಸೆಯುವವರಲ್ಲ.
ಬಿಚ್ಚಿದ ಪೈಪುಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ
ಗಾಡಿ ನಂಬರು ಬರೆದು ಮೊಳೆಗೆ ತೂಗುಹಾಕುತ್ತಾರೆ.
"ಮಾರೋವಾಗ ಬರ್ತಾರೆ ಕಮಲಾಕ್ಷಮ್ಮ,
ಹುಡುಕ್ಕೊಂಡು ಬರ್ತಾರೆ."
ಕೆಲವರು ಬರುವುದಿಲ್ಲ. ಹಾವಿನ ಪೊರೆಯ ಹಾಗೆ ಒಣಗುತ್ತಾ
ಗೋಡೆ ತುಂಬಾ ಮೊಳೆಗಳು.

ಆಷಾಢದಲ್ಲಿ ನನ್ನ ಮೆಷಿನ್ನಿನ ನೀರಿಳಿಯುವ ಕೊಳವೆ ಬಿರಿಯಿತು.
ಕಂಪನಿಯವನು ನಾಳೆ ಅಂದ. ನಾಳೆಯೂ ನಾಳೆ ಅಂದ.
ಗಾಡಿಗಳು ಸಾಲುಗಟ್ಟಿದ್ದವು.
ಮಧ್ಯಾಹ್ನ ನಮಾಜಿಗೆ ಹೋಗಿದ್ದರು ಅವರು,
ಪರದೆ ಸರಿಸಿ ಮೊಳೆಗೆ ಕೈಹಾಕಿದೆ.
ಯಾರ ನಂಬರೆಂದು ನೋಡಲಿಲ್ಲ.
ಇಲ್ಲ, ನೋಡಿದೆ.

ದೀಪಾವಳಿಗೆ ಮುಂಚೆ ಧರ್ಮೇಶ ಬಂದ, ಜೊತೆಗೆ ಅರಕಲಗೂಡಿನವನು.
ಕೊಳ್ಳುವವನಿಗೆ ಎಲ್ಲಾ ಮೊದಲಿದ್ದ ಹಾಗೇ ಬೇಕು,
ಡಬ್ಬ, ಪೈಪು, ಸ್ಟಿಕ್ಕರು ಸಮೇತ.
ರಬ್ಬರು ಬಿಚ್ಚಿ ಬಾಬಾಜಾನರು ಎಣಿಸಿದರು:
ಒಂದು. ಎರಡು.
ಮತ್ತೊಮ್ಮೆ: ಒಂದು, ಎರಡು.
ನಾನು ಯಾವುದೋ ಆಟೋದ ನಂಬರು ಟೈಪಿಸುತ್ತಿದ್ದೆ,
ತಪ್ಪಾಯಿತು, ಅಳಿಸಿದೆ, ಮತ್ತೆ ತಪ್ಪಾಯಿತು.
"ಇಲಿ ಎಳ್ಕೊಂಡ್ ಹೋಗಿರ್ಬೇಕು" ಎಂದು
ಹುಡುಗನನ್ನು ಸಂತೆಪೇಟೆಗೆ ಕಳಿಸಿದರು,
ಎರಡಡಿ ಹೊಸ ಪೈಪಿಗೆ. ದುಡ್ಡು ತಮ್ಮ ಜೇಬಿನದೇ.

ಸಂಜೆ ಬೆಂಕಿಪೊಟ್ಟಣ ಕೇಳಲು ಪರದೆಯೀಚೆ ಬಂದವರು
ಬಗ್ಗಿ ಮೆಷಿನ್ನಿನಡಿ ನೋಡಿದರು.
ಹನಿ, ಹನಿ, ಡಬ್ಬಿಗೆ ಬೀಳುತ್ತಿತ್ತು ನೀರು.
"ಲೀಕಾಗ್ತೈತೆ" ಅಂದರು.
ಕಿವಿಗೆ ಸಿಕ್ಕಿಸಿದ್ದ ಸಣ್ಣ ಸ್ಕ್ರೂಡ್ರೈವರ್ ತೆಗೆದು
ಕ್ಲಿಪ್ಪನ್ನು ಅರ್ಧ ಸುತ್ತು ಬಿಗಿದು
ಬೆಂಕಿಪೊಟ್ಟಣ ಮರೆತು ಹೋದರು.