ಹತ್ತು ಮೀಟರ್

ಭಾನುವಾರ, ಹೋಮ್‌ಗಾರ್ಡ್ ಹುಲಿಗೆಮ್ಮ ಬಂದು
ನನ್ನ ಚಸ್ಮಾ ಅಂಗಡಿಯ ಗಾಜಿನ ಮೇಲೆ
ಟವೆಲ್ ಬಿಚ್ಚಿ ಮೂರು ದುರ್ಬೀನು ಇಟ್ಟಳು.
"ಗಾಳಿ ಬಂದೂಕಿಗೆ ಕೂಡಿಸೋವು, ಭೀಮರಾಯಣ್ಣ.
ಒಂದು ಇಟ್ಕೊಂಡು ಎರಡು ವಾಪಸ್ ಕಳಸಬೇಕು.
ಕೈಯಾಗ ನಾಕು ಸಾವಿರದ ಇನ್ನೂರು ಅದ, ಅಷ್ಟ."

ಬಂದೂಕು ನಾನು ಬಲೂನು ಹೊಡೆಯಲೂ ಹಿಡಿದವನಲ್ಲ.
ಗಾಜು ಗೊತ್ತು. ರಾಯಚೂರಿನ ತೀನ್ ಕಂದೀಲಿನಲ್ಲಿ
ಮೂವತ್ತೊಂದು ವರ್ಷ
ಮೂಗುಗಳ ಮೇಲೆ ಗಾಜು ಕೂರಿಸಿದವನು.

ಮೊದಲನೆಯದು ಮೊಳದುದ್ದ,
ಮೈಮೇಲೆ ಬಂಗಾರದ ಅಕ್ಷರ: ಇಪ್ಪತ್ತನಾಲ್ಕು ಪಟ್ಟು.
ಅವಳು ಹೊಡೆಯುವುದು ಮುಚ್ಚಿದ ಹತ್ತಿ ಮಿಲ್ಲಿನ ಗೋದಾಮಿನಲ್ಲಿ,
ಹತ್ತು ಮೀಟರಿನ ಆಚೆ ಗೋಡೆ.
ದೂರದ ಕೋಟೆಯ ಕಲ್ಲು ಎಣಿಸಬಲ್ಲ ಈ ಗಾಜಿಗೆ
ಎದುರಿನ ಬೋರ್ಡು ಪೊರೆ ಬಂದ ಕಣ್ಣಿನ ಹಾಗೆ,
ಅಕ್ಷರಗಳಿಗೆಲ್ಲ ನೇರಳೆ ಅಂಚು.
ಟವೆಲಿನ ಮೇಲೆ ವಾಪಸ್ಸು.

ಎರಡನೆಯದು ಗಿಡ್ಡ, ಗಾಜು ತಿಳಿ, ಬೆಲೆ ಏಳುನೂರು.
ನನಗೆ ಹಿಡಿಸಿತು. ಅವಳೇ ತಲೆಯಾಡಿಸಿದಳು:
"ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಒದಿತದ, ಮುಂದಕ್ಕೂ ಒದಿತದ.
ಇಂಥದ್ದು ಒಂದು ಇತ್ತು ನನ್ನತ್ರ.
ಹದಿನೈದ್ ದಿನಕ್ಕ ಒಳಗಿನ ಕೂಡುಗೆರಿ ಕಡಕೊಂಡು
ಜ್ವಾಳದ ಕಾಳಿನಂಗ ಗಲಗಲ ಅಂತು."

ಮೂರನೆಯದು ಯಾರೋ ಬಳಸಿ ಬಿಟ್ಟದ್ದು.
ಮುಚ್ಚಳವಿಲ್ಲ, ಅಂಚಿಗೊಂದು ಉಗುರಿನ ಗೀರು,
ಮೂರು ಸಾವಿರದ ಎಂಟುನೂರು.
ಆದರೆ ಮೂತಿಯ ಬಳೆ ತಿರುಗುತ್ತದೆ, ಹತ್ತಿರಕ್ಕೂ ದೂರಕ್ಕೂ.
ಹುಲಿಗೆಮ್ಮ ಆಟೋಗಳಿಗೆ ಕೈ ಅಡ್ಡ ಹಿಡಿದು
ರಸ್ತೆಯನ್ನು ಹೆಜ್ಜೆಯಲ್ಲಿ ಅಳೆದಳು:
ನನ್ನ ಹೊಸ್ತಿಲಿಂದ ಆ ಹೊಸ್ತಿಲಿಗೆ ಸರಿಯಾಗಿ ಹತ್ತು ಮೀಟರ್.

ಬಟ್ಟೆ ಸುತ್ತಿ ಇಕ್ಕಳಕ್ಕೆ ಬಿಗಿದೆ.
ಕಣ್ಣನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ.
ನೋಡುವವನು ಅಲ್ಲಾಡಿದರೂ ಗೆರೆ ಅಲ್ಲಾಡಬಾರದು,
ಪರೀಕ್ಷೆ ಇಷ್ಟೇ.
'ಕೀಲಿ ರಿಪೇರಿ'ಯ 'ಕೀ' ಮೇಲೆ
ಗೆರೆ ಅಂಟಿ ನಿಂತಿತು.

ಆಗ ಬೋರ್ಡಿನ ಕೆಳಗೆ ಬಂದು ನಿಂತ ಬಂದೇನವಾಜ್.

ಹನ್ನೊಂದು ವರ್ಷದ ಹಿಂದೆ ನಮ್ಮಿಬ್ಬರಿಗೂ ಒಂದೇ ಗೋಡೆ.
ಆ ಗೋಡೆಯ ಸುಣ್ಣದ ನಲವತ್ತು ರೂಪಾಯಿಗೆ ಮಾತು ಬಿಟ್ಟು
ಅವನು ರಸ್ತೆಯ ಆಚೆಗೆ ಹೋದ.
ಅಂದಿನಿಂದ ಅವನನ್ನು ನಾನು ಬರೀ ಅಂಗಿಯ ಬಣ್ಣವಾಗಿ ಕಂಡಿದ್ದೆ.
ಈಗ ಒಂಬತ್ತು ಪಟ್ಟು:
ಗಡ್ಡದ ಬಿಳಿ, ಕಿವಿಯ ಕೂದಲು,
ನಾನೇ ಕೂರಿಸಿದ ಚಸ್ಮಾ,
ಬಲಗಡೆ ಕೀಲಿನಲ್ಲಿ ಸ್ಕ್ರೂ ಇಲ್ಲ, ಕರಿ ದಾರ ಕಟ್ಟಿದ್ದಾನೆ.
ಊರಿನ ಬೀಗವೆಲ್ಲ ಬಿಚ್ಚುವ ಕೈಗೆ ಒಂದು ಸ್ಕ್ರೂ ಸಿಗಲಿಲ್ಲವೇ?

ಕೂಡುಗೆರೆ ಅವನ ಹುಬ್ಬುಗಳ ನಡುವೆ ಇತ್ತು.

"ಮನಷ್ಯಾರ ಮ್ಯಾಲ ತಿರುಗಸಬಾರದು, ಅಣ್ಣ,"
ಮೆಲ್ಲಗೆ ಅಂದಳು ಹುಲಿಗೆಮ್ಮ,
"ಕೆಳಗ ಬಂದೂಕು ಇರ್ಲಿ, ಬಿಡ್ಲಿ."

ಮೂರನೆಯದನ್ನೇ ಇಟ್ಟುಕೊಂಡಳು.
ಉಳಿದ ನಾನೂರರಲ್ಲಿ ಒಂದು ಡಬ್ಬಿ ಛರ್ರೆ,
ನನಗೆ ಒಂದು ಚಹಾ.
ಮುಂದಿನ ವಾರ ಗುರಿಯ ಕಾಗದ ತಂದು ತೋರಿಸಿದಳು,
ನಾಲ್ಕು ತೂತು ಅಂಗಿಯ ಗುಂಡಿಯಡಿ ಮುಚ್ಚುತ್ತವೆ,
ಒಂದು ಮೂಲೆಗೆ ಓಡಿದೆ.
"ಅದು ದುರ್ಬೀನಿಂದಲ್ಲ," ನಕ್ಕಳು, "ನಂದು."

ಅವತ್ತೇ ಡ್ರಾಯರಿನಿಂದ ಆರಿಸಿದ ಸ್ಕ್ರೂ,
ಸಾಸಿವೆಯಷ್ಟು,
ಕಾಗದದ ಪೊಟ್ಟಣದಲ್ಲಿ ನನ್ನ ಅಂಗಿ ಜೇಬಿನಲ್ಲಿದೆ.
ಅಂಗಿ ಎರಡು ಸಲ ಒಗೆತಕ್ಕೆ ಹೋಗಿಬಂತು,
ಎರಡು ಸಲವೂ ಮೊದಲು ಅದನ್ನು ತೆಗೆದಿಟ್ಟೆ.